ಕಾಯಿಲೆ ಬಿದ್ದ ಗೋಲ್ಡ್‌ಫಿಶ್: ಬಳಕೆದಾರರ ಕೈಪಿಡಿ (ಕಾರ್ಕಳ ಆವೃತ್ತಿ)

ಬಳಸುವ ಮುನ್ನ ಓದಿ

ಈ ಕೈಪಿಡಿಯನ್ನು ಮೀನು ತಂದ ದಿನವೇ ಓದಬೇಕಿತ್ತು. ನೀವು ಓದಿಲ್ಲ, ಯಾರೂ ಓದುವುದಿಲ್ಲ. ಅಂಗಡಿಯವರು ಕಟ್ಟಿಕೊಟ್ಟ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎರಡು ಮೀನಿದ್ದವೇ ಹೊರತು ಒಂದು ಚೂರು ಕಾಗದವೂ ಇರಲಿಲ್ಲ. ಆದ್ದರಿಂದ ಮೀನು ವಾಲಿದ ಮೇಲೆ ಎಚ್ಚರಗೊಳ್ಳುವವರಿಗೆಂದೇ ಇದನ್ನು ಸಿದ್ಧಪಡಿಸಲಾಗಿದೆ.

ಈ ಆವೃತ್ತಿ ಕಾರ್ಕಳ, ಕಾಪು, ಉಡುಪಿ, ಮಣಿಪಾಲ ಸುತ್ತಮುತ್ತಲ ಮನೆಗಳಿಗೆ ಅನ್ವಯಿಸುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನವರು ಇದನ್ನು ಓದಿ ತೊಟ್ಟಿಗೆ ಚಿಪ್ಪು ಸುರಿಯಬಾರದು. ಕಾರಣ ನಾಲ್ಕನೆಯ ಅಧ್ಯಾಯದಲ್ಲಿದೆ.

1. ರೋಗಿಯ ಪರಿಚಯ

ರೋಗಿ ಗೆಂಡೆ ಮೀನಿನ ಕುಲದವನು. ಸಂತೆಯಲ್ಲಿ ಸಿಗುವ ಕಾಟ್ಲಾ, ರೋಹುಗಳ ದೂರದ ದಾಯಾದಿ. ಹುಟ್ಟೂರು ಚೀನಾ. ಇವನಿಗೆ ಕಣ್ಣಿನ ರೆಪ್ಪೆಯಿಲ್ಲ, ಆದ್ದರಿಂದ ನಿದ್ದೆ ಮಾಡುತ್ತಿದ್ದಾನೋ ನಿಮ್ಮನ್ನು ದಿಟ್ಟಿಸುತ್ತಿದ್ದಾನೋ ತಿಳಿಯುವುದಿಲ್ಲ. ಇವನಿಗೆ ಜಠರವೂ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಕರುಳಿನಿಂದ ನೇರ ನೀರಿಗೆ ಬರುತ್ತದೆ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡರೆ ಕೈಪಿಡಿಯ ಅರ್ಧ ಓದಿದ ಹಾಗೆ.

ನಿರೀಕ್ಷಿತ ಆಯುಷ್ಯ: ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ‘ಟಿಶ್’ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತು. ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ನಮ್ಮ ಕಡೆಯ ಗೋಲ್ಡ್‌ಫಿಶ್‌ಗಳು ಸಾಮಾನ್ಯವಾಗಿ ಮೊದಲ ಮಳೆಗಾಲ ದಾಟುವುದಿಲ್ಲ. ತಪ್ಪು ಮಳೆಯದ್ದಲ್ಲ.

ಎಚ್ಚರಿಕೆ: ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಮಲ್ಪೆ ಬಂದರಿನಲ್ಲಿ ಬೋಟುಗಳು ದಡ ಸೇರುತ್ತವೆ, ಬೂತಾಯಿಗೆ ಬಂಗಾರದ ಬೆಲೆ ಬರುತ್ತದೆ. ಆ ಎರಡು ತಿಂಗಳು ಮನೆಯ ಹಿರಿಯರನ್ನು ರೋಗಿಯ ಎದುರು ಹೆಚ್ಚು ಹೊತ್ತು ಕೂರಲು ಬಿಡಬೇಡಿ.

2. ಸಲಹೆಗಾರರ ನಿರ್ವಹಣೆ

ಮೀನಿಗೆ ಕಾಯಿಲೆ ಬಂದ ಸುದ್ದಿ ಗೇಟು ದಾಟಿದ ಅರ್ಧ ಗಂಟೆಯೊಳಗೆ ಸಲಹೆಗಳು ಬರತೊಡಗುತ್ತವೆ. ಅವುಗಳನ್ನು ಕೆಳಗಿನಂತೆ ವಿಂಗಡಿಸಿ.

ಅಜ್ಜಿಯ ಸಲಹೆ: “ಬಂಗುಡೆಯಷ್ಟು ಉದ್ದ ಇಲ್ಲ ಮಗಾ, ಅದಕ್ಕೆ ಇಷ್ಟು ಖರ್ಚಾ?” ಇದು ಸಲಹೆಯಲ್ಲ, ತೀರ್ಪು. ಉತ್ತರ ಕೊಡಬೇಡಿ. ನಲವತ್ತು ರೂಪಾಯಿಯ ಮೀನಿಗೆ ನಾನ್ನೂರು ರೂಪಾಯಿಯ ಔಷಧ ತಂದವರ ಬಳಿ ಉತ್ತರ ಇರುವುದೂ ಇಲ್ಲ.

ಪಕ್ಕದ ಮನೆಯವರ ಸಲಹೆ: “ಸ್ವಲ್ಪ ಅರಸಿನ ಹಾಕಿ ಮಾರಾಯ್ರೆ, ಗಾಯಕ್ಕೆ ಒಳ್ಳೆದು.” ಅರಸಿನ ಮನುಷ್ಯನ ಗಾಯದ ಮೇಲೆ ಕೂರುತ್ತದೆ, ಮೀನಿನ ತೊಟ್ಟಿಯಲ್ಲಿ ತಳಕ್ಕೆ ಇಳಿದು ಕೊಳೆಯುತ್ತದೆ, ಉಳಿದದ್ದು ಕಿವಿರಿಗೆ ಅಂಟುತ್ತದೆ. ಆಟಿ ಅಮಾವಾಸ್ಯೆಯ ಹಾಲೆ ಮರದ ತೊಗಟೆಯ ಕಷಾಯಕ್ಕೂ ಇದೇ ನಿಯಮ. ಅದನ್ನು ನೀವು ಕುಡಿಯಿರಿ, ಮೀನಿಗೆ ಬೇಡ.

ಅಂಗಡಿಯವರ ಸಲಹೆ: ನೀಲಿ ಬಾಟಲಿ, ಹಳದಿ ಬಾಟಲಿ, ಹಸಿರು ಬಾಟಲಿ. ಯಾವ ಕಾಯಿಲೆ ಎಂದು ಅವರು ಕೇಳುವ ಮೊದಲೇ ಮೂರೂ ಕೌಂಟರಿನ ಮೇಲೆ ಬಂದಿರುತ್ತವೆ.

ವಾಸ್ತು ಬಲ್ಲವರ ಸಲಹೆ: “ಮೀನು ಸತ್ತರೆ ಮನೆಯ ಗಂಡಾಂತರ ಅದರ ಮೇಲೆ ಹೋಯಿತು ಅಂತ ಲೆಕ್ಕ.” ಹೀಗೆ ಹೇಳುವವರ ಮನೆಯಲ್ಲಿ ತಿಂಗಳಿಗೆರಡು ಗಂಡಾಂತರ ತಪ್ಪುತ್ತಿರುತ್ತದೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಯೋಚನೆಯಿದ್ದರೆ ಅದಕ್ಕೆ ಮೊದಲು ನೀರಿನ ಪಿಎಚ್ ನೋಡಿ. ಖರ್ಚು ಕಡಿಮೆ, ಉತ್ತರವೂ ಸ್ಪಷ್ಟ.

3. ಮೊದಲ ಹತ್ತು ನಿಮಿಷ

ಏನೂ ಮಾಡಬೇಡಿ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ತೊಟ್ಟಿಯ ಗಾಜು ತಟ್ಟಬೇಡಿ. ನಿಮಗೆ ಅದು ಕುಶಲ ವಿಚಾರಣೆ, ಮೀನಿಗೆ ಸಿಡಿಲು. ಎದುರು ಕೂತು ಈ ಕೆಳಗಿನವುಗಳನ್ನು ನೋಡಿ.

ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದೆಯೇ? ಕಿವಿರು ಬೇಗ ಬೇಗ ಬಡಿಯುತ್ತಿದೆಯೇ? ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆ ಹಿಡಿದಿದೆಯೇ? ಕಲ್ಲಿಗೆ ಮೈ ಉಜ್ಜುತ್ತಿದೆಯೇ? ಈ ನಾಲ್ಕೂ ಲಕ್ಷಣಗಳಿಗೆ ಹತ್ತಾರು ಕಾಯಿಲೆಗಳ ಹೆಸರು ಹೇಳಬಹುದು. ಮನೆಯ ತೊಟ್ಟಿಗಳಲ್ಲಿ ಹೆಚ್ಚಿನ ಸಲ ಕಾಯಿಲೆ ಬಂದಿರುವುದು ಮೀನಿಗಲ್ಲ, ನೀರಿಗೆ. ಮೀನು ವರದಿ ಕೊಡುತ್ತಿದೆ, ಅಷ್ಟೆ.

ಮುಂದಿನ ಅಧ್ಯಾಯ ಉದ್ದವಾಗಿದೆ. ಅದನ್ನು ಹಾರಿಸಿ ಐದಕ್ಕೆ ಹೋಗುವವರ ಮೀನಿಗೆ ಈ ಕೈಪಿಡಿ ಜವಾಬ್ದಾರಿಯಲ್ಲ.

4. ನಿಜವಾದ ರೋಗಿ

ಮೀನು ಕಿವಿರಿನ ಮೂಲಕವೇ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದನ್ನು ಮೀನು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀವು ತೊಟ್ಟಿಯನ್ನೂ ಮೀನನ್ನೂ ಒಂದೇ ಆಟೋದಲ್ಲಿ ತಂದಿರಿ.

ಈ ಬ್ಯಾಕ್ಟೀರಿಯಾಗಳ ಮುಖ್ಯ ಮನೆ ಫಿಲ್ಟರಿನ ಸ್ಪಂಜು. ಅದು ಕಪ್ಪಾಗಿದೆ ಎಂದು ನಲ್ಲಿಯ ಕೆಳಗೆ ಹಿಡಿದು ಹಿಂಡಿ ತೊಳೆದರೆ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅಲುಗಾಡಿಸಿ ತೆಗೆಯಬೇಕು. ಶುಚಿತ್ವದ ಹುರುಪಿನಲ್ಲಿ ಸತ್ತಷ್ಟು ಮೀನು ಕೊಳೆಯಲ್ಲಿ ಸತ್ತಿರಲಿಕ್ಕಿಲ್ಲ.

ಈಗ ನಮ್ಮೂರಿನ ನೀರಿನ ವಿಷಯ. ಕಾರ್ಕಳದ ಬಾವಿ ಇಳಿದಿರುವುದು ಮುರಕಲ್ಲಿಗೆ. ಮುರಕಲ್ಲಿನಲ್ಲಿ ಸುಣ್ಣದ ಅಂಶ ಇಲ್ಲದಷ್ಟು ಕಡಿಮೆ. ಯುಗಯುಗಗಳ ಮಳೆ ಅದನ್ನೆಲ್ಲ ತೊಳೆದುಕೊಂಡು ಹೋಗಿದೆ. ಹಾಗಾಗಿ ನಮ್ಮ ಬಾವಿನೀರು ಮೃದು, ಸ್ವಲ್ಪ ಹುಳಿ. ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬಿಡುತ್ತದೆ, ಗೋಲ್ಡ್‌ಫಿಶ್ ಮಾತ್ರ ಸೋಲುತ್ತದೆ. ಅದಕ್ಕೆ ಬೇಕಾದದ್ದು ಪಿಎಚ್ ಏಳರ ಮೇಲಿನ, ಸ್ವಲ್ಪ ಗಡುಸಾದ ನೀರು. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಆಮ್ಲ ಹುಟ್ಟಿಸುತ್ತವೆ. ಆ ಆಮ್ಲವನ್ನು ತಡೆಯಲು ನೀರಿನಲ್ಲಿ ಕಾರ್ಬೊನೇಟ್ ಇರಬೇಕು. ಇಲ್ಲದಿದ್ದರೆ ಪಿಎಚ್ ವಾರದಿಂದ ವಾರಕ್ಕೆ ಇಳಿಯುತ್ತಾ, ಬ್ಯಾಕ್ಟೀರಿಯಾಗಳೇ ಕೆಲಸ ನಿಲ್ಲಿಸಿಬಿಡುತ್ತವೆ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. “ನೀರು ಎಷ್ಟು ಕ್ಲೀನ್ ಉಂಟು ನೋಡಿ” ಎಂದು ನೆಂಟರು ಹೊಗಳುವಾಗ ಮೀನು ತಳ ಹಿಡಿದಿರುತ್ತದೆ.

ಪರಿಹಾರ ನಿಮ್ಮ ಅಡುಗೆಮನೆಯ ಹಿಂದೆಯೇ ಬಿದ್ದಿದೆ. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ಮಸಾಲೆ, ಮಾಂಸದ ಚೂರು ಒಂದಿಷ್ಟೂ ಉಳಿಯದಂತೆ ತಿಕ್ಕಿ, ಕುದಿಸಿ, ಬಿಸಿಲಿಗೆ ಒಣಗಿಸಿ, ಒಂದು ಹಿಡಿಯಷ್ಟನ್ನು ಫಿಲ್ಟರಿನ ಹತ್ತಿರ ಇಡಿ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ನೀರಿನಲ್ಲಿ ಅದು ನಿಧಾನ ಕರಗುತ್ತದೆ. ಪಿಎಚ್ ಏರಿದಂತೆ ಕರಗುವುದು ತಾನೇ ಕಡಿಮೆಯಾಗುತ್ತದೆ. ಇಷ್ಟು ವಿವೇಕ ಬಾಟಲಿಯ ಔಷಧಕ್ಕಿಲ್ಲ. ಬೋರ್‌ವೆಲ್‌ನ ಗಡುಸು ನೀರಿಗೆ ಇದರ ಅಗತ್ಯವಿಲ್ಲ. ಬೆಂಗಳೂರಿನವರನ್ನು ಹೊರಗಿಟ್ಟದ್ದು ಅದಕ್ಕೆ.

ನೀರು ಬದಲಿಸುವ ವಿಧಾನ:

ಅ) ವಾರಕ್ಕೊಮ್ಮೆ, ಕಾಲು ಭಾಗ. ಕಾರ್ಕಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಎಂಬ ರೂಢಿಯಿದೆ, 2015ರಲ್ಲಿ ಆಗಿತ್ತು. ಆತ 1432ರಿಂದ ಬಯಲಿನಲ್ಲಿ ನಿಂತಿರುವ 42 ಅಡಿಯ ಕಲ್ಲು, ಅಷ್ಟು ಕಾಯಬಲ್ಲ. ನಿಮ್ಮ ಮೀನಿಗೆ ಆ ಶಕ್ತಿಯಿಲ್ಲ.

ಆ) ತಿಂಗಳುಗಟ್ಟಲೆ ಮುಟ್ಟದ ತೊಟ್ಟಿಯಾಗಿದ್ದರೆ ಒಂದೇ ದಿನ ಪೂರ್ತಿ ನೀರು ಚೆಲ್ಲಬೇಡಿ. ಹುಳಿಯಾದ ಹಳೆ ನೀರಿನಲ್ಲಿ ಅಮೋನಿಯಾ ಹೆಚ್ಚಾಗಿ ನಿರುಪದ್ರವಿ ರೂಪದಲ್ಲಿರುತ್ತದೆ. ಪಿಎಚ್ ದಿಢೀರನೆ ಏರಿದರೆ ಅದೇ ವಿಷವಾಗುತ್ತದೆ. ನಿತ್ಯ ಸ್ವಲ್ಪ ಸ್ವಲ್ಪ ಬದಲಿಸಿ.

ಇ) ಪುರಸಭೆಯ ನಲ್ಲಿ ನೀರಾದರೆ ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಕ್ಲೋರಿನ್ ಹೋಗುತ್ತದೆ. ಅವಸರವಿದ್ದರೆ ಹೈಪೋ ಹರಳು ಹಾಕಬಹುದು. ಹಳೆಯ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದುದೂ ಅದನ್ನೇ.

ಈ) ಬಾವಿನೀರಿಗೂ ಒಂದು ದಿನದ ಬಕೆಟ್ ವಾಸ ಒಳ್ಳೆಯದು. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ವಾರ ಬಾವಿನೀರನ್ನು ತೊಟ್ಟಿಗೆ ತರಲೇಬೇಡಿ.

ಉ) ಸೂರಿನ ನೀರು ಹಿಡಿದು ತುಂಬಿಸಬೇಡಿ. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಹೆಂಚಿನ ಪಾಚಿ ಮಾತ್ರ ಇರುತ್ತದೆ.

ತೊಟ್ಟಿಯ ಗಾತ್ರದ ಬಗ್ಗೆ: ಮನು ಕೈತೊಳೆಯುವಾಗ ಬೊಗಸೆಗೆ ಬಂದ ಮೀನಿನ ಕಥೆ ನಿಮಗೆ ಗೊತ್ತು. ಮೀನು ಬೆಳೆದಂತೆ ಮನು ಪಾತ್ರೆ ಬದಲಿಸಿದ. ಕುಡಿಕೆಯಿಂದ ಹೊಂಡಕ್ಕೆ, ಹೊಂಡದಿಂದ ಸಮುದ್ರಕ್ಕೆ ಒಯ್ದ. ಮೀನು ಸಾಕಿದವರಲ್ಲಿ ನಮಗೆ ತಿಳಿದ ಮೊದಲಿಗ ಅವನೇ, ಬುದ್ಧಿವಂತನೂ ಅವನೇ. ನಾವು ಒಂದೂವರೆ ಗೇಣು ಬೆಳೆಯಬಲ್ಲ ಮೀನನ್ನು ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಗಾಜಿನ ಬುಂಡೆಯಲ್ಲಿಟ್ಟು ಪ್ರಳಯ ಕಾಯುತ್ತೇವೆ. ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗುವಾಗ ಸುತ್ತಲಿನ ನೀರನ್ನೊಮ್ಮೆ ನೋಡಿ. ಅಲ್ಲಿ ಫಿಲ್ಟರ್ ಇಲ್ಲ, ಔಷಧ ಇಲ್ಲ. ನೀರಿನ ಪ್ರಮಾಣವೇ ವೈದ್ಯ.

ನೀರು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿದ್ದರೆ ಶಿಶಿಲಕ್ಕೆ ಹೋಗಿ. ಅಲ್ಲಿಯ ಕಪಿಲಾ ನದಿಯ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳಿಗೆ ಭಕ್ತರು ಅಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ದೇವರ ರಕ್ಷೆಯಿದ್ದ ಮೀನಿಗೂ ನೀರು ಕೆಟ್ಟ ದಿನ ಉಳಿಗಾಲವಿರಲಿಲ್ಲ.

5. ತೊಂದರೆ ಮತ್ತು ಪರಿಹಾರ

ತೊಂದರೆ: ಮೈಮೇಲೆ ರವೆಕಾಳಿನ ಗಾತ್ರದ ಬಿಳಿ ಚುಕ್ಕೆಗಳು.
ಪರಿಹಾರ: ಇದು ಬಿಳಿಚುಕ್ಕೆ ರೋಗ, ಒಂದು ಸೂಕ್ಷ್ಮ ಪರಾವಲಂಬಿಯ ಕೆಲಸ. ಮಳೆ ಹಿಡಿದು ನೀರು ತಣ್ಣಗಾದಾಗ, ಅಥವಾ ಹೊಸ ಮೀನು ತಂದು ನೇರ ತೊಟ್ಟಿಗೆ ಬಿಟ್ಟಾಗ ಬರುತ್ತದೆ. ಚುಕ್ಕೆಯೊಳಗಿರುವ ಜೀವಿಯನ್ನು ಯಾವ ಔಷಧವೂ ಮುಟ್ಟದು. ಅದು ಕಳಚಿ ತಳಕ್ಕೆ ಬಿದ್ದು, ಒಡೆದು, ನೂರಾರು ಮರಿಗಳಾಗಿ ಈಜಲು ಹೊರಟಾಗ ಮಾತ್ರ ಸಾಯುತ್ತದೆ. ಮೈ ಸಿಗದಿದ್ದರೆ ಆ ಮರಿಗಳ ಆಯುಷ್ಯ ಸುಮಾರು ಎರಡು ದಿನ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನ ಚಿಕಿತ್ಸೆ ನಿಲ್ಲಿಸುವವರು ಹತ್ತನೆಯ ದಿನ ಮತ್ತೆ ಅಂಗಡಿಗೆ ಬರುತ್ತಾರೆ. ನೀರಿನ ಉಷ್ಣತೆಯನ್ನು ನಿಧಾನ 28ರಿಂದ 30 ಡಿಗ್ರಿಗೆ ಏರಿಸಿ, ಆ ಚಕ್ರ ಬೇಗ ತಿರುಗುತ್ತದೆ. ಲೀಟರಿಗೆ 1ರಿಂದ 3 ಗ್ರಾಂ ಕಲ್ಲುಪ್ಪನ್ನು ಎರಡು ದಿನಗಳಲ್ಲಿ ಹಂತ ಹಂತವಾಗಿ ಕರಗಿಸಿ ಹಾಕಿ. ಬಿಸಿ ನೀರು ಆಮ್ಲಜನಕ ಕಡಿಮೆ ಹಿಡಿಯುವುದರಿಂದ ಗಾಳಿಯ ಪಂಪು ನಿಲ್ಲಬಾರದು. ಎರಡು ವಾರ ಬಿಡದೆ ಮಾಡಿ.

ತೊಂದರೆ: ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದೆ, ಆದರೆ ಸತ್ತಿಲ್ಲ.
ಪರಿಹಾರ: ಗುಂಡು ಹೊಟ್ಟೆಯ ಗೋಲ್ಡ್‌ಫಿಶ್‌ಗಳಲ್ಲಿ ಇದು ಸಾಮಾನ್ಯ. ಎರಡು ಮೂರು ದಿನ ಉಪವಾಸ. ನಂತರ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯ ಒಂದು ಚೂರು. ಉಪ್ಪು, ಒಗ್ಗರಣೆ ಬೇಡ.

ತೊಂದರೆ: ರೆಕ್ಕೆಯ ಅಂಚು ಸವೆದು ಹರಿದಿದೆ.
ಪರಿಹಾರ: ನಾಲ್ಕನೆಯ ಅಧ್ಯಾಯಕ್ಕೆ ಹಿಂತಿರುಗಿ. ನೀರು ಸರಿಯಾದರೆ ರೆಕ್ಕೆ ಮತ್ತೆ ಬೆಳೆಯುತ್ತದೆ.

ತೊಂದರೆ: ಹೊಟ್ಟೆ ಊದಿ, ಹುರುಪೆಗಳು ಹಲಸಿನಕಾಯಿಯ ಮುಳ್ಳಿನಂತೆ ಎದ್ದು ನಿಂತಿವೆ.
ಪರಿಹಾರ: ಒಳಗಿನ ಅಂಗಗಳು ಸೋತಿರುವ ಲಕ್ಷಣವಿದು. ಬೇರೆ ಬಕೆಟಿಗೆ ಹಾಕಿ ಎಪ್ಸಂ ಉಪ್ಪಿನ ನೀರಿನಲ್ಲಿ ನೋಡಿಕೊಳ್ಳಿ. ಮನೆಯ ಮಕ್ಕಳಿಗೆ ನಿಜ ಹೇಳಿ.

6. ಔಷಧದ ಕಪಾಟು

ಮೊದಲು ತೊಟ್ಟಿಯ ಅಳತೆ ತಿಳಿಯಿರಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. 60, 30, 30 ಆದರೆ 54 ಲೀಟರ್. ಕಲ್ಲು ಮರಳು ಕಳೆದು 45 ಹಿಡಿಯಿರಿ. ಇಷ್ಟು ಲೆಕ್ಕ ಮಾಡದೆ ಮುಚ್ಚಳದಲ್ಲಿ ಅಂದಾಜು ಸುರಿದ ಔಷಧ ಒಂದೋ ರೋಗಕ್ಕೆ ತಾಗುವುದಿಲ್ಲ, ಇಲ್ಲವೇ ರೋಗಿಯನ್ನೇ ತೆಗೆಯುತ್ತದೆ.

ನೀಲಿ ಔಷಧ, ಅಂದರೆ ಮೆಥಿಲೀನ್ ಬ್ಲೂ, ಬೂಷ್ಟಿಗೆ ಕೆಲಸ ಮಾಡುತ್ತದೆ. ಆದರೆ ತೊಟ್ಟಿಯೊಳಗೆ ಹಾಕಬೇಡಿ. ಅದು ಸ್ಪಂಜಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಮುಗಿಸುತ್ತದೆ, ತೊಟ್ಟಿಯ ಅಂಚಿನ ಸಿಲಿಕೋನನ್ನು ಶಾಶ್ವತ ನೀಲಿ ಮಾಡುತ್ತದೆ. ಬೇರೆ ಬಕೆಟ್ ಉಪಯೋಗಿಸಿ. ಸ್ನಾನದ ಬಕೆಟ್ ಬೇಡ, ಮನೆಯಲ್ಲಿ ಎರಡನೆಯ ಕಾಯಿಲೆ ಶುರುವಾಗುತ್ತದೆ.

ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕುವ ಪದ್ಧತಿ ಕೆಲವೆಡೆ ಇದೆ. ಯಾವ ರೋಗಾಣು ಎಂದು ತಿಳಿಯದೆ ಹಾಕಿದರೆ ಸಾಯುವುದು ಬಡಪಾಯಿ ರೋಗಾಣುಗಳು. ಗಟ್ಟಿಯಾದವು ಉಳಿದು ಆ ನೀರಿನೊಂದಿಗೆ ಹಿತ್ತಿಲಿಗೆ ಹರಿಯುತ್ತವೆ.

ಕಾಡುಬಾದಾಮಿ ಎಲೆ: ಒಣಗಿ ಕೆಂಪಾಗಿ ಬಿದ್ದ ಎಲೆಯನ್ನು ಫೈಟರ್ ಮೀನು ಸಾಕುವವರು ನೀರಿಗೆ ಹಾಕುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಅದನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ. ನಮ್ಮ ಶಾಲೆಗಳ ಅಂಗಳದಲ್ಲಿ ಅದನ್ನೇ ಗುಡಿಸಿ ಬೆಂಕಿ ಹಾಕುತ್ತಾರೆ. ಆದರೆ ಎಲೆ ನೀರನ್ನು ಇನ್ನಷ್ಟು ಹುಳಿ ಮಾಡುತ್ತದೆ. ಫೈಟರ್‌ಗೆ ಹಿತ, ಗೋಲ್ಡ್‌ಫಿಶ್‌ಗೆ ಬೇಡ.

ಮೀನಿನ ಡಾಕ್ಟರು ಬೇಕೇ ಬೇಕೆಂದರೆ: ಮಂಗಳೂರಿನ ಎಕ್ಕೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ, 1969ರಲ್ಲಿ ಶುರುವಾದದ್ದು, ದೇಶದ ಮೊದಲನೆಯದು. ಅಲ್ಲಿ ಮೀನಿನ ರೋಗಗಳನ್ನು ಪಾಠವಾಗಿ ಕಲಿಸುತ್ತಾರೆ. ವಾಟ್ಸಾಪಿನಲ್ಲಿ ಕಲಿಸುವುದಿಲ್ಲ.

7. ಕರೆಂಟು ಹೋದಾಗ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಪಂಪು ನಿಲ್ಲುತ್ತದೆ. ಬ್ಯಾಟರಿಯ ಪುಟ್ಟ ಪಂಪು ಮನೆಯಲ್ಲಿರಲಿ. ಇಲ್ಲದಿದ್ದರೆ ಚೆಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದು ಮೊಳ ಮೇಲಿನಿಂದ ಸುರಿಯುತ್ತಿರಿ, ಗಾಳಿ ಬೆರೆಯುತ್ತದೆ. ಮನೆಯ ಎಲ್ಲರಿಗೂ ಸರದಿ ಹಾಕಿ. ಮೊಬೈಲಿನ ಚಾರ್ಜೂ ಮುಗಿದಿರುವುದರಿಂದ ಯಾರೂ ತಪ್ಪಿಸಿಕೊಳ್ಳಲಾರರು. ಆಹಾರ ಮಾತ್ರ ಹಾಕಬೇಡಿ.

8. ಆಹಾರ

ಮೀನು ನಿಮ್ಮನ್ನು ಕಂಡಾಗಲೆಲ್ಲ ಬಾಯಿ ತೆರೆಯುತ್ತದೆ. ಅದು ಹಸಿವಲ್ಲ, ಅಭ್ಯಾಸ. ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೊಮ್ಮೆ ಸಾಕು. ಅಪ್ಪ ಬೆಳಿಗ್ಗೆ, ಮಗ ಶಾಲೆಯಿಂದ ಬಂದು, ಅಮ್ಮ ಧಾರಾವಾಹಿಯ ನಡುವೆ, ಒಬ್ಬರಿಗೊಬ್ಬರು ಹೇಳದೆ ಹಾಕಿದರೆ ಅದಕ್ಕೆ ಪ್ರೀತಿ ಎನ್ನುತ್ತಾರೆ. ನೀರಿನ ಲೆಕ್ಕದಲ್ಲಿ ಅದು ಅಮೋನಿಯಾ. ಅತ್ತೂರು ಜಾತ್ರೆಗೆ ಹೋಗಿ ಮರುದಿನ ಬಂದರೂ ಮೀನಿಗೇನೂ ಆಗುವುದಿಲ್ಲ. “ಪಾಪ, ಉಪವಾಸ ಉಂಟಲ್ಲ” ಎಂದು ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗಬೇಡಿ.

9. ರೋಗಿ ಉಳಿಯದಿದ್ದರೆ

ಎಲ್ಲ ಮಾಡಿದ ಮೇಲೂ ಕೆಲವು ಮೀನು ಉಳಿಯುವುದಿಲ್ಲ. ನರಳುತ್ತಿರುವ ಮೀನನ್ನು ಟಾಯ್ಲೆಟ್ಟಿಗೆ ಹಾಕುವುದು ಕ್ರೌರ್ಯ. ಹಲ್ಲುನೋವಿಗೆ ಇಟ್ಟಿರುವ ಲವಂಗದ ಎಣ್ಣೆಯನ್ನು ನೀರಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿದರೆ ಮೀನಿಗೆ ಅರಿವಳಿಕೆಯಾಗುತ್ತದೆ, ಪ್ರಮಾಣ ಹೆಚ್ಚಾದರೆ ನಿದ್ದೆಯಲ್ಲೇ ಮುಗಿಯುತ್ತದೆ. ನಂತರ ತೆಂಗಿನ ಬುಡದಲ್ಲಿ ಹೂಳಿ.

ಸಾಕಿ ಬೇಸರ ಬಂದ ಮೀನನ್ನು “ಬದುಕಿಕೊಳ್ಳಲಿ” ಎಂದು ಆನೆಕೆರೆಗೋ ರಾಮಸಮುದ್ರಕ್ಕೋ ಬಿಡಬೇಡಿ. ಗಾಜು ನೆಕ್ಕಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ದೇಶದ ಅನೇಕ ಕೆರೆಗಳನ್ನು ಸೇರಿ, ದಂಡೆ ಕೊರೆದು, ಊರಿನ ಮೀನುಗಳ ಜಾಗ ಹಿಡಿದಿದೆ. ನಿಮ್ಮ ತೊಟ್ಟಿಯ ರೋಗವೂ ಅದರೊಂದಿಗೆ ಕೆರೆಗೆ ಇಳಿಯುತ್ತದೆ. ನಿಮ್ಮ ದಯೆಯ ಬಿಲ್ಲನ್ನು ಕೆರೆ ಕಟ್ಟಬೇಕಾಗುತ್ತದೆ.

10. ಖಾತರಿ

ಈ ಕೈಪಿಡಿಗೆ ಖಾತರಿಯಿಲ್ಲ. ಮೀನು ಬದುಕಿದರೆ ಶ್ರೇಯಸ್ಸು ನೀಲಿ ಬಾಟಲಿಗೆ ಹೋಗುತ್ತದೆ, ಸತ್ತರೆ ಅಪವಾದ ಮಳೆಗೆ. ನೀರಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಹೊಸ ಮೀನು ತರುವುದಾದರೆ ಮೊದಲು ತೊಟ್ಟಿಯನ್ನು ತಿಂಗಳೊಂದು ಓಡಿಸಿ. ತಂದ ಮೀನನ್ನು ಎರಡು ವಾರ ಬೇರೆಯಿಟ್ಟು ನೋಡಿ. ಅಂಗಡಿಯ ತೊಟ್ಟೆಯ ನೀರನ್ನು ಒಳಗೆ ಸುರಿಯಬೇಡಿ. ಇಷ್ಟಕ್ಕೂ ಪುರುಸೊತ್ತಿಲ್ಲವೆಂದಾದರೆ ಗೋಡೆಗೆ ಮೀನಿನ ಕ್ಯಾಲೆಂಡರ್ ತೂಗುಹಾಕಿ.

ಪುರುಸೊತ್ತಿದ್ದವರು ಈ ಭಾನುವಾರ ಕಾಲು ಭಾಗ ನೀರು ಬದಲಿಸಿ. ಮೀನು ಗಟ್ಟಿಮುಟ್ಟಾಗಿದ್ದರೂ ಬದಲಿಸಿ.